ಎಡವುವ ಜಾಗ

ಜೆರಾಕ್ಸ್ ಅಂಗಡಿಗೆ ಬರುವವರು ನಾಲ್ಕು ನಿಮಿಷದ ಜನ. ಮಾರ್ಕ್ಸ್ ಕಾರ್ಡಿನ ಎರಡು ಪ್ರತಿ, ಹೊಲದ ಉತಾರದ ಮೂರು, ರೇಷನ್ ಕಾರ್ಡಿನ ಒಂದು. ಮಷಿನ್ನು ಬಿಸಿಯಾಗುವ ತನಕ ಕೌಂಟರಿನ ಮೇಲೆ ಬೆರಳು ಬಡಿಯುತ್ತಾರೆ, ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ನೋಡುತ್ತಾರೆ, ಅದೂ ಮುಗಿದರೆ ಕೈಗೆ ಸಿಕ್ಕಿದ್ದನ್ನು ತಿರುವಿಹಾಕುತ್ತಾರೆ. ಬಿ.ಎಸ್ಸಿ. ಮುಗಿಸಿ, ಎಲ್ಲೂ ಕೆಲಸ ಸಿಗದೆ, 1992ರಲ್ಲಿ ಬ್ಯಾಂಕ್ ಸಾಲ ತೆಗೆದು ಗದಗಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಅಂಗಡಿ ಹಾಕಿದೆ. ಆಗ ಹಾಗೆ ಕೈಗೆ ಸಿಗುವಂತೆ ಬಿದ್ದಿರುತ್ತಿದ್ದದ್ದು ನನ್ನದೊಂದು ಹಳೆಯ ಪುಸ್ತಕ: ಯಾಕೋವ್ ಪೆರೆಲ್ಮನ್ನನ 'ಫಿಸಿಕ್ಸ್ ಫಾರ್ ಎಂಟರ್‌ಟೇನ್‌ಮೆಂಟ್'. ಸೋವಿಯತ್ ಪುಸ್ತಕಗಳ ವ್ಯಾನು ಕಾಲೇಜಿನ ಮುಂದೆ ಬಂದು ನಿಂತಿದ್ದಾಗ ಊಟದ ದುಡ್ಡಿನಲ್ಲಿ ಕೊಂಡದ್ದು. ಆ ಪುಸ್ತಕ ಅಚ್ಚುಹಾಕಿದ ದೇಶವೇ ಅಷ್ಟರಲ್ಲಿ ಇಲ್ಲವಾಗಿತ್ತು.

ಅದರ ಶುರುವಿನಲ್ಲೇ ಒಂದು ಕಥೆ ಇದೆ. ಮೊದಲ ಮಹಾಯುದ್ಧದ ಕಾಲ. ಫ್ರಾನ್ಸಿನ ವಿಮಾನ ಚಾಲಕನೊಬ್ಬ ಎರಡು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿದ್ದಾನೆ. ಮುಖದ ಪಕ್ಕದಲ್ಲಿ ನೊಣದಂಥದ್ದೇನೋ ಕಾಣಿಸುತ್ತದೆ. ಗಪ್ಪನೆ ಹಿಡಿದು ಅಂಗೈ ಬಿಚ್ಚಿದರೆ, ಜರ್ಮನರ ಬಂದೂಕಿನ ಗುಂಡು! ನಳಿಗೆಯಿಂದ ಹೊರಟಾಗ ಸೆಕೆಂಡಿಗೆ 800 ಮೀಟರ್ ಓಡುವ ಗುಂಡು ಗಾಳಿಯನ್ನು ಸೀಳಿ ಸೀಳಿ ಸುಸ್ತಾಗಿ ಕೊನೆಕೊನೆಗೆ 40 ಮೀಟರಿಗೆ ಇಳಿದಿರುತ್ತದೆ. ವಿಮಾನವೂ ಅದೇ ವೇಗದಲ್ಲಿ ಅದೇ ಕಡೆಗೆ ಹೊರಟಿದ್ದರೆ ಗುಂಡು ನಿಂತಂತೆಯೇ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಪಕ್ಕದ ಪಾನ್ ಅಂಗಡಿಯವನಿಗೂ ಬಾಯಿಪಾಠವಾಗಿ, ನಾನು ಊಟಕ್ಕೆ ಹೋದಾಗ ನನ್ನ ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ. ಅವನು ಹೇಳುವಾಗ ವಿಮಾನದ ಎತ್ತರ ಪ್ರತಿಸಲ ಒಂದು ಕಿಲೋಮೀಟರ್ ಏರುತ್ತಿತ್ತು.

ಜನ ಪುಸ್ತಕ ಕೇಳತೊಡಗಿದ್ದು ಅಲ್ಲಿಂದ. ಆದರೆ ನನ್ನ ಪುಸ್ತಕಗಳ ಪಟ್ಟಿ ಹುಟ್ಟಿದ್ದು ಮಷಿನ್ನಿನಿಂದಲೇ.

ಬೆಟಗೇರಿಯ ನೇಕಾರರ ಹುಡುಗನೊಬ್ಬ, ಎಂಟನೆಯ ಇಯತ್ತೆ ಇರಬೇಕು, ಮುಚ್ಚಳದ ಸಂದಿಯಿಂದ ಹೊರಬೀಳುವ ಹಸಿರು ಬೆಳಕನ್ನೇ ನೋಡುತ್ತ, "ಇದರಾಗ ಮಸಿ ಎಲ್ಲಿ ಹಾಕ್ತೀರ್ರಿ?" ಎಂದು ಕೇಳಿದ. ಮಸಿ ಇಲ್ಲಪ್ಪಾ, ಕರೀ ಪುಡಿ ಅಷ್ಟೆ ಅಂದೆ. ಪುಡಿ ಅಕ್ಷರದ ಆಕಾರದಲ್ಲೇ ಹೋಗಿ ಕೂರುವುದು ಹೇಗೆ? ಬಿ.ಎಸ್ಸಿ. ಪದವೀಧರ, ಮಷಿನ್ನಿನ ಮಾಲೀಕ, ನನಗೆ ಉತ್ತರ ಗೊತ್ತಿರಲಿಲ್ಲ. ಟೋನರ್ ತುಂಬುವುದು ಗೊತ್ತು, ಡ್ರಮ್ ಒರೆಸುವುದು ಗೊತ್ತು, ಸಿಕ್ಕಿಬಿದ್ದ ಕಾಗದ ಹರಿಯದಂತೆ ಎಳೆಯುವುದು ಗೊತ್ತು. ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಓದಿ, ಹದಿನೈದು ದಿನ ಬಿಟ್ಟು ಅವನನ್ನು ಕರೆದು ಕೂರಿಸಿಕೊಂಡೆ.

ಚೆಸ್ಟರ್ ಕಾರ್ಲ್‌ಸನ್ ಅಮೆರಿಕದಲ್ಲಿ ಒಂದು ಕಂಪನಿಯ ಪೇಟೆಂಟ್ ವಿಭಾಗದ ನೌಕರ. ಅರ್ಜಿಗಳನ್ನು ಕೈಯಿಂದ ನಕಲು ಮಾಡಿ ಮಾಡಿ ಬೇಸತ್ತವನು, ಮೇಲಾಗಿ ಸಂಧಿವಾತದ ಕೈ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ತಿಕ್ಕಿದ. ಬಾಚಣಿಗೆಯನ್ನು ತಲೆಗೆ ತಿಕ್ಕಿದರೆ ಕಾಗದದ ಚೂರು ಅಂಟುತ್ತದಲ್ಲ, ಆ ವಿದ್ಯುತ್ತೇ ಇದು. ತಾರೀಖನ್ನೂ ಊರಿನ ಹೆಸರನ್ನೂ ಬರೆದ ಗಾಜಿನ ಪಟ್ಟಿಯನ್ನು ತಗಡಿನ ಮೇಲಿಟ್ಟು ದೀಪ ಹಾಕಿದ. ಬೆಳಕು ಬಿದ್ದಲ್ಲಿ ವಿದ್ಯುತ್ತು ಇಳಿದುಹೋಯಿತು, ಅಕ್ಷರದ ನೆರಳಿದ್ದಲ್ಲಿ ಉಳಿಯಿತು. ಮೇಲೆ ಪುಡಿ ಉದುರಿಸಿ ಉಫ್ ಎಂದು ಊದಿದಾಗ ನೆರಳು ಇದ್ದಷ್ಟೂ ಜಾಗದಲ್ಲಿ ಪುಡಿ ಕಚ್ಚಿಕೊಂಡಿತ್ತು. ಅದನ್ನು ಮೇಣದ ಕಾಗದಕ್ಕೆ ಒತ್ತಿದ, ಬಿಸಿ ಮಾಡಿದ. ಮುಗಿಯಿತು, ಪ್ರಪಂಚದ ಮೊದಲ ಜೆರಾಕ್ಸ್. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಇದು ಬೇಡ ಅಂದವು. ಅಂಗಡಿ, ಆಫೀಸಿಗೆ ಹೊಂದುವ ಮಷಿನ್ನು ಬರಲು 1959 ಆಗಬೇಕಾಯಿತು.

ಹುಡುಗ ಬಾಯಿಬಿಟ್ಟು ಕೇಳಿದ. ಎದ್ದು ಹೋಗುವಾಗ, "ಇಂಥವು ಇನ್ನ ಯಾವ್ಯಾವ ಪುಸ್ತಕದಾಗ ಅದಾವ, ಬರದು ಕೊಡ್ರಿ" ಅಂದ. ಹಾಳಾದ ಪ್ರತಿಯೊಂದರ ಬೆನ್ನ ಮೇಲೆ ಹನ್ನೆರಡು ಹೆಸರು ಬರೆದುಕೊಟ್ಟೆ. ಬರೆದ ಮೇಲೆ, ಮಷಿನ್ನು ಕೈಯಲ್ಲೇ ಇದೆ, ಐವತ್ತು ಪ್ರತಿ ತೆಗೆದೆ. ಉತಾರದ ಪ್ರತಿ ಒಯ್ಯುವವರಿಗೆ ಚಿಲ್ಲರೆಯ ಜೊತೆ ಒಂದು ಹಾಳೆ. ಪುಸ್ತಕಗಳನ್ನು ನಾನೇ ಎರವಲು ಕೊಡುತ್ತಿದ್ದೆ. ಇಪ್ಪತ್ತು ರೂಪಾಯಿ ಠೇವಣಿ, ಪುಸ್ತಕ ವಾಪಸ್ಸು ಬಂದರೆ ದುಡ್ಡು ವಾಪಸ್ಸು. 1994ರಿಂದ 2020ರ ತನಕ, ವರ್ಷಕ್ಕೆ ಎರಡೋ ಮೂರೋ ಸಲ, ಆ ಹಾಳೆ ಹೊಸದಾಗುತ್ತ ಹೋಯಿತು.

ಮೊದಲ ನಾಲ್ಕೈದು ಹಾಳೆಗಳನ್ನು ಈಗ ನೋಡಿದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಪ್ರತಿ ಪುಸ್ತಕದ ಮುಂದೆ 'ಅದ್ಭುತ', 'ಓದಲೇಬೇಕಾದ್ದು', 'ಕಣ್ಣು ತೆರೆಸುವ ಕೃತಿ'. ಯುಗಾದಿಯ ರಿಯಾಯಿತಿ ಮಾರಾಟದ ಕರಪತ್ರವೂ ಇಷ್ಟು ಕೂಗುವುದಿಲ್ಲ. ಪಟ್ಟಿಯ ತಲೆಯಲ್ಲಿ ಸ್ಟೀಫನ್ ಹಾಕಿಂಗರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'. ಒಂದೊಂದು ಸಮೀಕರಣ ಸೇರಿಸಿದಾಗಲೂ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರೋ ಎಚ್ಚರಿಸಿದ್ದರಿಂದ ಐನ್‌ಸ್ಟೈನರ ಒಂದೇ ಸಮೀಕರಣ ಉಳಿಸಿಕೊಂಡೆ ಎಂದು ಹಾಕಿಂಗರೇ ಶುರುವಿನಲ್ಲಿ ಬರೆದಿದ್ದಾರೆ. ಅದನ್ನು ನಂಬಿ 'ಯಾರು ಬೇಕಾದರೂ ಓದಬಹುದು' ಎಂದು ನಾನು ಷರಾ ಹಾಕಿದ್ದೆ. 1988ರ ಪುಸ್ತಕ, ಲೋಕವೆಲ್ಲ ಕೊಂಡದ್ದು, ನಮ್ಮ ಓಣಿ ಯಾಕೆ ಹಿಂದೆ ಬೀಳಬೇಕು? ಹದಿನಾಲ್ಕು ಜನ ಒಯ್ದರು. ಹದಿನಾಲ್ಕು ಜನವೂ "ಭಾಳ ಚಲೋ ಐತ್ರಿ" ಎಂದು ವಾಪಸ್ಸು ಕೊಟ್ಟರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

ಹದಿನೈದನೆಯವರು ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದವರು. ಹುಬ್ಬಳ್ಳಿಯ ಕಂಟ್ರೋಲ್ ಆಫೀಸಿನಲ್ಲಿ ಕಿವಿಗೆ ಫೋನು ಕಟ್ಟಿಕೊಂಡೇ ಆಯುಷ್ಯ ಕಳೆದು, ನಿವೃತ್ತಿಯಾಗಿ ಗದಗಿನಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಪಿಂಚಣಿ ಕಾಗದಗಳ ಪ್ರತಿಗೆ ಬರುತ್ತಿದ್ದವರು. ಮೂರು ವಾರ ಬಿಟ್ಟು ಪುಸ್ತಕವನ್ನು ಕೌಂಟರಿನ ಮೇಲಿಟ್ಟು, ಕಿವಿ ಮಡಿಸಿದ ಒಂದು ಹಾಳೆ ತೆರೆದು ತೋರಿಸಿದರು.

"ಇಲ್ಲೀ ತನಕ ಬಂದೀನಿ ತಮ್ಮಾ. ಮುಂದ ಸಿಗ್ನಲ್ ಬಿದ್ದಿಲ್ಲ. ಇದೇನಿದು ಡಮರು?"

ಎರಡನೆಯ ಅಧ್ಯಾಯ, ಬೆಳಕಿನ ಶಂಕುಗಳ ಚಿತ್ರ. ಒಂದರ ತುದಿಗೆ ಇನ್ನೊಂದರ ತುದಿ ತಾಗಿಸಿ ನಿಲ್ಲಿಸಿದ ಎರಡು ಶಂಕು, ನಿಜಕ್ಕೂ ಡಮರುವಿನಂತೆಯೇ. ವಿವರಿಸಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಯಾಕೆಂದರೆ ನಾನೂ ಸಿಕ್ಕಿಬಿದ್ದದ್ದು ಅದೇ ಪುಟದಲ್ಲಿ. ಅಲ್ಲಿಂದ ಹಾರಿ, ಅಲ್ಲಲ್ಲಿ ಇಣುಕಿ, ಕೊನೆಯ ಪುಟ ಓದಿ ಮುಗಿಸಿದೆ ಎಂದು ನನಗೆ ನಾನೇ ಹೇಳಿಕೊಂಡು, ಊರಿಗೆಲ್ಲ 'ಯಾರು ಬೇಕಾದರೂ ಓದಬಹುದು' ಎಂದು ಹಂಚಿದ್ದೆ. ಅವರಿಗೆ ಅದನ್ನೇ ಹೇಳಿದೆ. ಅವರು ನಕ್ಕು, "ಹಂಗಾದ್ರ ಅದನ್ನ ಬರೀಬೇಕಿತ್ತಲ್ಲಪ್ಪಾ ಹಾಳಿ ಮ್ಯಾಲೆ" ಅಂದರು. ಠೇವಣಿಯ ಇಪ್ಪತ್ತು ರೂಪಾಯಿ ಎಣಿಸಿ ಜೇಬಿಗಿಟ್ಟುಕೊಂಡು ಹೋದರು.

ಮುಂದಿನ ಹಾಳೆಯಿಂದ 'ಅದ್ಭುತ' ಹೋಯಿತು. ಪ್ರತಿ ಪುಸ್ತಕದ ಮುಂದೆ ಒಂದು ಹೊಸ ಕಾಲಂ ಬಂತು: ಎಡವುವ ಜಾಗ. ಯಾವ ಪುಟದಲ್ಲಿ ತಲೆ ತಿರುಗುತ್ತದೆ, ಅಲ್ಲಿ ಏನು ಮಾಡಬೇಕು. ಹಾಕಿಂಗ್: ಎರಡನೆಯ ಅಧ್ಯಾಯದ ಶಂಕುಗಳಲ್ಲಿ ಎಡವುತ್ತೀರಿ, ನಾನೂ ಎಡವಿದ್ದೇನೆ, ಸೀದಾ ಆರನೆಯದಕ್ಕೆ ಹೋಗಿ. ಜಾರ್ಜ್ ಗ್ಯಾಮೋನ 'ಒನ್ ಟು ತ್ರೀ... ಇನ್ಫಿನಿಟಿ': ಮೊದಲ ಅಧ್ಯಾಯ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ, ಚದುರಂಗದ ಮನೆಗಳಲ್ಲಿ ಗೋಧಿ ಕಾಳು ದುಪ್ಪಟ್ಟಾಗುವ ಲೆಕ್ಕವನ್ನು ಹತ್ತು ಮನೆಯವರೆಗಾದರೂ ನೀವೇ ಮಾಡಿ. ಇದನ್ನು ಬರೆಯಬೇಕಾದರೆ ಪ್ರತಿ ಪುಸ್ತಕವನ್ನೂ ಮತ್ತೆ ಮೊದಲಿನಿಂದ ಓದಬೇಕಾಯಿತು. ಹನ್ನೆರಡರಲ್ಲಿ ಐದನ್ನು ನಾನು ಪೂರ್ತಿ ಓದಿರಲೇ ಇಲ್ಲ ಎಂಬುದು ಆಗ ಹೊರಬಿತ್ತು. ಅವನ್ನು ತೆಗೆದುಹಾಕಿದೆ. ಪಟ್ಟಿ ಏಳಕ್ಕೆ ಇಳಿಯಿತು, ಒಯ್ಯುವವರು ಹೆಚ್ಚಾದರು. ಎಡವುತ್ತೀರಿ ಎಂದು ಮೊದಲೇ ಹೇಳಿದರೆ ಜನ ಹೆದರಿ ಓಡುತ್ತಾರೆ ಎಂದುಕೊಂಡಿದ್ದೆ. ಆದರೆ ಎಡವಿದವರು ಈಗ ಬಂದು ಕೇಳುತ್ತಿದ್ದರು. ಮೊದಲೆಲ್ಲ ಅದು ತಮ್ಮದೇ ದಡ್ಡತನ ಎಂದುಕೊಂಡು ಮುಚ್ಚಿಟ್ಟುಕೊಂಡು ಹೋಗುತ್ತಿದ್ದರು.

ಕನ್ನಡದ ಪುಸ್ತಕಗಳ ಎಡವು ಬೇರೆ ತೆರನದು. ಶಿವರಾಮ ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದದ್ದು 1936ರಲ್ಲಿ. ಆಮೇಲೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ. ಒಬ್ಬನೇ ಮನುಷ್ಯ, ಕಾದಂಬರಿ ಬರೆದು, ಯಕ್ಷಗಾನ ಕುಣಿದು, ಉಳಿದ ಹೊತ್ತಿನಲ್ಲಿ ಇಡೀ ಬ್ರಹ್ಮಾಂಡವನ್ನು ಕನ್ನಡಕ್ಕೆ ತರುತ್ತೇನೆಂದು ಕೂತ ಹಟ ಅದು. ಆದರೆ ಆ ಸಂಪುಟಗಳನ್ನು ನಾಲ್ಕು ನಿಮಿಷದ ಜನರ ಕೈಗೆ ಕೊಡಲಾಗುವುದಿಲ್ಲ. ಭಾರಕ್ಕೇ ಕೌಂಟರು ನರಳುತ್ತದೆ. ಅದಕ್ಕೂ ಮುಂಚೆ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಶುರುಮಾಡಿ ಎರಡು ವರ್ಷ ನಡೆಸಿದ್ದರು. ನನ್ನದು ಇಪ್ಪತ್ತಾರು ವರ್ಷ ನಡೆಯಿತೆಂದು ಬೀಗುವಂತಿಲ್ಲ. ಅವರು ವಿಜ್ಞಾನ ಬರೆದರು, ನಾನು ಹಾಳೆ ಬರೆದೆ.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಒಯ್ದವರು ಮಾತ್ರ ಠೇವಣಿ ಮರೆತುಬಿಡುತ್ತಿದ್ದರು. ಸಸ್ಯಶಾಸ್ತ್ರದ ಮೇಷ್ಟರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಪುಸ್ತಕ, ನಗು ಉಕ್ಕಿ ಗಿಡದ ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ನನ್ನ ಮೂರು ಪ್ರತಿ ಹೀಗೆ ಹೋದವು. ಕಪ್ಪತಗುಡ್ಡದ ಕಡೆ ಗಿಡಮೂಲಿಕೆ ಹುಡುಕುತ್ತ ತಿರುಗುವ ಒಬ್ಬರು ಮೂರನೆಯದನ್ನು ಒಯ್ದು, ಎರಡು ವರ್ಷದ ಮೇಲೆ ಬಂದು, "ಅದು ನನ್ನ ಹಂತೇಕನ ಇರಲಿ, ನಿಮಗ ಯಾಕ ಬೇಕು ಗುಡ್ಡ ಇಲ್ಲದ ಅಂಗಡ್ಯಾಗ?" ಎಂದು ನನ್ನನ್ನೇ ಗದರಿದರು. ತೇಜಸ್ವಿಯವರನ್ನು ಪಟ್ಟಿಗೆ ಸೇರಿಸುವ ಅಗತ್ಯವೇ ಬೀಳಲಿಲ್ಲ. 'ಕರ್ವಾಲೊ' ಕಾದಂಬರಿಯೋ ವಿಜ್ಞಾನವೋ ಎಂಬ ಜಗಳ ಮಾತ್ರ ಕೌಂಟರಿನ ಮುಂದೆ ಪ್ರತಿ ಮಳೆಗಾಲಕ್ಕೊಮ್ಮೆ ನಡೆಯುತ್ತಿತ್ತು. ನನ್ನ ತೀರ್ಮಾನ ಕೇಳಿದರೆ, ಹಾರುವ ಓತಿಯ ಹಿಂದೆ ಕಾಡಿಗೆ ಹೊರಟವರ ಜೊತೆ ನೀವೂ ಹೊರಟಿರೋ ಇಲ್ಲವೋ, ಅಷ್ಟು ನೋಡಿಕೊಳ್ಳಿ.

ಎಡವಿಸುತ್ತಿದ್ದದ್ದು ಪರಿಭಾಷೆ. ವೀರನಾರಾಯಣ ಗುಡಿಯ ಕಡೆಯ ಹಿರಿಯರೊಬ್ಬರು ಖಗೋಳದ ಒಂದು ಕನ್ನಡ ಪುಸ್ತಕ ಒಯ್ದವರು ವಾರದೊಳಗೆ ಮರಳಿ ಬಂದು, "ಕೃಷ್ಣವಿವರ ಕೃಷ್ಣವಿವರ ಅಂತ ಪುಟಾ ತುಂಬ ಬರದಾರ, ಆದ್ರ ಕೃಷ್ಣಂದ ಒಂದ ವಿವರಾನೂ ಇಲ್ಲಲ್ರಿ?" ಅಂದರು. ನಕ್ಕೆ. ರಾತ್ರಿ ನಿಘಂಟು ನೋಡಿದರೆ, ಸಂಸ್ಕೃತದಲ್ಲಿ ವಿವರ ಎಂದರೆ ಬಿಲ, ರಂಧ್ರ. ಪದ ಕಟ್ಟಿದವರದ್ದು ತಪ್ಪಿಲ್ಲ, ಓದಿದವರದ್ದೂ ತಪ್ಪಿಲ್ಲ. ಆಮೇಲಿನವರು ಕಪ್ಪುಕುಳಿ ಎಂದು ಬರೆಯತೊಡಗಿದ್ದು ನೋಡಿ ನನಗೆ ಸಮಾಧಾನವಾಯಿತು. ಹಿರಿಯರು ಪುಸ್ತಕ ಬಿಡಲಿಲ್ಲ. ಒಳಗೆ ಹೋದದ್ದು ಏನೇ ಆಗಲಿ ಹೊರಗೆ ಬರುವುದಿಲ್ಲ ಎಂಬುದನ್ನು ನನ್ನಿಂದ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, "ನಮ್ಮ ಬಾಡಿಗಿ ಮನಿ ಅಡ್ವಾನ್ಸ್ ಇದ್ದಂಗ" ಎಂದರು.

ಖಗೋಳದ ಪುಸ್ತಕಗಳ ಮೇಲೆ ನನಗೊಂದು ಹಳೆಯ ಸಿಟ್ಟಿತ್ತು, ಪುಸ್ತಕದ ಮೇಲಲ್ಲ, ಅವು ತಡವಾಗಿ ಸಿಕ್ಕಿದ್ದರ ಮೇಲೆ. 1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಹತ್ತಿ, ಹುಬ್ಬಳ್ಳಿ ಗದಗ ದಾಟಿ, ರಾಯಚೂರಿನ ಕಡೆ ಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದಿಂದ ಬಂದು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ಕಾದಿದ್ದರು. ನಾನು ಕಾಯಬೇಕಾಗಿರಲಿಲ್ಲ, ನೆರಳು ನನ್ನ ಮನೆಯ ಮೇಲೇ ಬಂದಿತ್ತು. ಹತ್ತು ವರ್ಷದವನನ್ನು ಅಜ್ಜಿ ನಡುಮನೆಯಲ್ಲಿ ಕೂರಿಸಿ, ಕಿಟಕಿಗೆ ಕೌದಿ ತುರುಕಿ, ಬಾಗಿಲ ಅಗಳಿ ಹಾಕಿದ್ದಳು. ಕೌದಿಯ ಅಂಚಿನಲ್ಲಿ ಒಂದು ಗೆರೆಯಷ್ಟು ಬಿಸಿಲು ಒಳಗೆ ಬೀಳುತ್ತಿತ್ತು. ಅದು ನೋಡನೋಡುತ್ತ ಆರಿತು. ಹೊರಗೆ ಕಾಗೆಗಳು ಒಮ್ಮೆಲೆ ಕೂಗಿ ಸುಮ್ಮನಾದವು. ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಮತ್ತೆ ಗೆರೆ ಬಂತು. ಒಂದೇ ಊರಿಗೆ ಪೂರ್ಣ ಗ್ರಹಣ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ ಎಂದು ಓದಿದ್ದು ಕಾಲೇಜಿಗೆ ಹೋದ ಮೇಲೆ. ಅಜ್ಜಿ ಆಗ ಇರಲಿಲ್ಲ. ಇದ್ದಿದ್ದರೂ ಏನೆಂದು ಜಗಳವಾಡುವುದು? ಆಕೆಗೆ ನನ್ನ ಕಣ್ಣು ಮುಖ್ಯವಾಗಿತ್ತು. ಬರಿಗಣ್ಣಲ್ಲಿ ನೋಡಬಾರದು ಎಂಬುದರಲ್ಲಿ ಆಕೆಯೂ ವಿಜ್ಞಾನಿಗಳೂ ಒಂದೇ ಕಡೆ. ಪೂರ್ತಿ ಮುಚ್ಚಿದ ಆ ಎರಡು ನಿಮಿಷ ಮಾತ್ರ ಬರಿಗಣ್ಣಲ್ಲೂ ನೋಡಬಹುದು ಎಂಬ ಒಂದು ಸಾಲು ನಮ್ಮ ಮನೆಗೆ ತಲುಪಿರಲಿಲ್ಲ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಭಾಗ ಕ್ರಮೇಣ ಬೆಳೆಯಿತು. ಅದನ್ನು ಹಂಚುತ್ತಿರಲಿಲ್ಲ, ನನ್ನ ನೋಟ್‌ಬುಕ್ಕಿನಲ್ಲೇ ಇತ್ತು: ಕೇಳಿದವರಿದ್ದಾರೆ, ಪುಸ್ತಕವಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಯಾಕೆ ಮೊಣಕಾಲುದ್ದ ಬಿರಿಯುತ್ತದೆ. ಹತ್ತಿಯ ಕಾಯಿಕೊರಕ ಔಷಧಕ್ಕೆ ಯಾಕೆ ಬಗ್ಗುವುದಿಲ್ಲ. ಇವಕ್ಕೆ ಇಲಾಖೆಯ ಕರಪತ್ರಗಳಿದ್ದವು. ಆದರೆ ಅವು ಏನು ಮಾಡಬೇಕೆಂದು ಹೇಳುತ್ತವೆ, ಯಾಕೆಂದು ಹೇಳುವುದಿಲ್ಲ.

ಮುಂಡರಗಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಮಕ್ಕಳ ಜಾತಿ ಪ್ರಮಾಣಪತ್ರದ ಪ್ರತಿಗೆ ಬಂದಿದ್ದರು. ಜೊತೆಯಲ್ಲಿ ಇಬ್ಬರು ಮಕ್ಕಳು, ಬಾಯಿ ಬಿಟ್ಟರೆ ಹಲ್ಲಿನ ಮೇಲೆ ಕಂದು ಪಟ್ಟಿ. "ಸಾಲ್ಯಾಗ ಹಲ್ಲ ತಿಕ್ಕಂಗಿಲ್ಲ ಅಂತ ಬೈತಾರ ಅಣ್ಣಾರ. ದಿನಾ ನಾನ ನಿಂತು ತಿಕ್ಕಸ್ತೀನಿ. ಇದರ ಬಗ್ಗೆ ಏನರ ಪುಸ್ತಕ ಐತೇನ್ರಿ?" ಅವರ ಸ್ವಂತ ಹಲ್ಲು ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿದ್ದವು. ತವರು ಯಾವುದೆಂದು ಕೇಳಿದೆ. ಮಲಪ್ರಭೆಯ ಕಾಲುವೆಯ ನೀರು ಕುಡಿಯುವ ಊರು. ಮಕ್ಕಳು ಹುಟ್ಟಿ ಬೆಳೆದದ್ದು ಗಂಡನ ಊರಿನ ಬೋರ್‌ವೆಲ್ ನೀರಿನಲ್ಲಿ. ಉತ್ತರ ಅವರ ಬಾಯಲ್ಲೇ ಇತ್ತು. ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಆಳಕ್ಕಿಳಿದಷ್ಟೂ ಕಲ್ಲಿನೊಳಗಿನ ಫ್ಲೋರೈಡು ಕರಗಿ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ. ಒಸಡಿನೊಳಗೆ ಹಲ್ಲು ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟರೊಳಗೆ, ಆ ನೀರು ಕುಡಿದವರ ಹಲ್ಲಿಗೆ ಕಲೆ ಕೂರುತ್ತದೆ; ಹಲ್ಲು ಬಂದ ಮೇಲೆ ಸೊಸೆಯಾಗಿ ಬಂದವಳಿಗೆ ಕೂರುವುದಿಲ್ಲ. ಕಲೆ ಮೇಲೆ ಹತ್ತಿದ ಕೊಳೆಯಲ್ಲ, ಹಲ್ಲಿನದೇ ಬಣ್ಣ, ಎಷ್ಟು ತಿಕ್ಕಿದರೂ ಹೋಗದು. ಇಷ್ಟನ್ನು ಹೇಳುವ ಕನ್ನಡ ಪುಸ್ತಕ ನನ್ನ ಕಪಾಟಿನಲ್ಲಿರಲಿಲ್ಲ. ವೈದ್ಯರೊಬ್ಬರಿಗೆ ತೋರಿಸಿ ತಿದ್ದಿಸಿ ಎರಡು ಪುಟ ಟೈಪ್ ಮಾಡಿಸಿದೆ. ಮುಂದಿನ ವಾರ ಆಕೆ ಬಂದು ಒಂದು ಪ್ರತಿ ಒಯ್ದರು. "ಸಾಲಿ ಮಾಸ್ತರಿಗೂ ಒಂದು ಕೊಡ್ರಿ" ಎಂದು ಇನ್ನೊಂದು. ಇನ್ನೂ ಸ್ವಲ್ಪ ಹೊತ್ತು ನಿಂತು, ಊರಲ್ಲಿ ಎಷ್ಟು ಮನೆ ಅದಾವೋ ಅಷ್ಟು. ಆ ಎರಡು ಪುಟ ನನ್ನ ಪಟ್ಟಿಯ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಓಡಾಡಿತು. ಅದರಲ್ಲಿ ಎಡವುವ ಜಾಗ ಬರೆಯಲಿಲ್ಲ. ಬರೆಯುವುದಿದ್ದರೆ ಒಂದೇ ಇತ್ತು: ಬೇರೆ ನೀರು ಎಲ್ಲಿಂದ ತರುವುದು?

ಈಗ ಹೇಳಲು ಹಿಂಜರಿಯುವ ಒಂದನ್ನೂ ಹೇಳಿಬಿಡುತ್ತೇನೆ. ಊರಿನ ಕಾಯಿಲೆಗಳೆಲ್ಲ ಬಂಧುಬಳಗಕ್ಕಿಂತ ಮೊದಲು ಗೊತ್ತಾಗುವುದು ಜೆರಾಕ್ಸ್ ಅಂಗಡಿಯವನಿಗೆ. ಪ್ರೈಮರಿ ಶಾಲೆಯ ಮಾಸ್ತರರೊಬ್ಬರು ಹೆಂಡತಿಯ ಬಯಾಪ್ಸಿ ವರದಿಯ ಪ್ರತಿ ತೆಗೆಸಲು ಬಂದಾಗ ನನ್ನ ಕೌಂಟರಿನ ಮೇಲೆ ಹೊಸದಾಗಿ ತರಿಸಿದ್ದ ಸಿದ್ಧಾರ್ಥ ಮುಖರ್ಜಿಯವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' ಇತ್ತು. 2011ರ ಪುಲಿಟ್ಜರ್ ಬಂದಿದ್ದ ಪುಸ್ತಕ, ಕ್ಯಾನ್ಸರಿನ ನಾಲ್ಕು ಸಾವಿರ ವರ್ಷದ ಚರಿತ್ರೆ. ಅವರು ಕೇಳಿರಲಿಲ್ಲ. ನಾನೇ ಕೈಗಿಟ್ಟೆ, ಠೇವಣಿ ಬೇಡ ಅಂದೆ, ಮೊದಲಿನಿಂದ ಕ್ರಮವಾಗಿ ಓದಿ, ನಡುವೆ ಬಿಡಬೇಡಿ ಎಂಬ ಉಪದೇಶ ಬೇರೆ. ರಾತ್ರಿ ಮಲಗಿದಾಗ ಅದರೊಳಗೆ ಏನೇನಿದೆ ಎಂಬುದು ಒಂದೊಂದಾಗಿ ನೆನಪಾಯಿತು. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆ, ಸತ್ತ ಮಕ್ಕಳ ವಾರ್ಡು, ಸುಳ್ಳಾದ ಔಷಧಗಳು. ಬೆಳಿಗ್ಗೆ ಅವರ ಮನೆಗೆ ಹೋಗಿ ವಾಪಸ್ಸು ಕೇಳಬೇಕೆಂದು ಹೊರಟು, ಏನೆಂದು ಕೇಳುವುದು ತಿಳಿಯದೆ ಅರ್ಧ ದಾರಿಯಿಂದ ಬಂದೆ.

ಒಂದು ತಿಂಗಳ ಮೇಲೆ ಅವರೇ ತಂದುಕೊಟ್ಟರು. ಪುಸ್ತಕದ ಮೇಲಂಚಿನಲ್ಲಿ ಬಿಳಿ ಚೀಟಿಗಳು ಇಣುಕುತ್ತಿದ್ದವು, ಉತ್ತರಪತ್ರಿಕೆಯ ಖಾಲಿ ಹಾಳೆಯನ್ನು ಬೆರಳಗಲ ಕತ್ತರಿಸಿ ಮಾಡಿದವು. ತೆರೆದು ನೋಡಿದೆ. ಚೀಟಿ ಇದ್ದಲ್ಲೆಲ್ಲ ಕಾರ್ಲಾ ಎಂಬಾಕೆ ಬರುತ್ತಾಳೆ: ಮೂವತ್ತು ವರ್ಷದ ಶಿಶುವಿಹಾರದ ಟೀಚರು, ರಕ್ತದ ಕ್ಯಾನ್ಸರು, ಮುಖರ್ಜಿಯವರದೇ ರೋಗಿ. ಐನೂರು ಚಿಲ್ಲರೆ ಪುಟದಲ್ಲಿ ಮಾಸ್ತರರು ಆಕೆಯ ಹೆಸರನ್ನಷ್ಟೇ ಹುಡುಕಿ, ಅಷ್ಟನ್ನೇ ಓದಿದ್ದರು.

"ಆಕಿನೂ ನಮ್ಮಂಗ ಸಾಲಿಯಾಕಿ. ಉಳದಾಳಲ್ರಿ ಆಕಿ. ಉಳಿದದ್ದು ನನಗ್ಯಾಕ?"

ಅವರ ಮನೆಯವರ ವಿಷಯವನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಪುಸ್ತಕವನ್ನು ಪಟ್ಟಿಗೆ ಸೇರಿಸುವಾಗ, ಕ್ರಮವಾಗಿ ಓದಿ ಎಂಬ ಮಾತನ್ನು ಅದರ ಮುಂದಿನಿಂದಷ್ಟೇ ಅಲ್ಲ, ಎಲ್ಲ ಪುಸ್ತಕಗಳ ಮುಂದಿನಿಂದಲೂ ತೆಗೆದೆ. ಕೇಳದವರ ಕೈಗೆ ಪುಸ್ತಕ ಇಡುವುದನ್ನೂ ಅವತ್ತೇ ಬಿಟ್ಟೆ.

ಆಮೇಲಿನದು ಬೇಗ ಮುಗಿಯುವ ಕಥೆ. ನಾಲ್ಕು ನಿಮಿಷ ಕಾಯುವವರು ಕೌಂಟರು ನೋಡುವುದನ್ನು ಬಿಟ್ಟು ಮೊಬೈಲು ನೋಡತೊಡಗಿದರು. ಮಷಿನ್ನೂ ಚುರುಕಾಗಿ ನಾಲ್ಕು ನಿಮಿಷ ಒಂದಾಯಿತು. ಇಡೀ ಪುಸ್ತಕ ಜೆರಾಕ್ಸ್ ಮಾಡಿಕೊಡಿ ಎಂದು ಬರುವ ಕಾಲೇಜು ಹುಡುಗರ ಜೊತೆ ವರ್ಷಗಟ್ಟಲೆ ಜಗಳವಾಡಿದ್ದೆ, ಅಚ್ಚಿನಲ್ಲಿರುವ ಕನ್ನಡ ಪುಸ್ತಕವನ್ನು ಮಾತ್ರ ಮಾಡುವುದಿಲ್ಲ ಎಂದು. ಅವರೂ ಬರುವುದನ್ನು ನಿಲ್ಲಿಸಿದರು, ಮೊಬೈಲಿಗೇ ಪಿಡಿಎಫ್ ಬರುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಒಬ್ಬ ಹಳೆಯ ಗಿರಾಕಿ ಫೋನು ಮಾಡಿ, "ನಿಮ್ಮ ಪಟ್ಟ್ಯಾಗ ಕರೋನಾದ್ದೊಂದು ಪುಸ್ತಕ ಇತ್ತಲ್ರಿ?" ಎಂದು ಕೇಳಿದರು. ಇತ್ತು, ಸೂರ್ಯನ ಕರೋನಾದ್ದು. ಪೂರ್ಣ ಗ್ರಹಣದಲ್ಲಿ ಮಾತ್ರ ಬರಿಗಣ್ಣಿಗೆ ಕಾಣುವ ಆ ಬೆಳ್ಳಿ ಪ್ರಭಾವಳಿಯ ಬಗ್ಗೆ ಇನ್ನೊಬ್ಬ ಮನುಷ್ಯನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

ಆ ವರ್ಷದ ಕೊನೆಗೆ ಅಂಗಡಿ ಬಿಟ್ಟೆ. ಮಷಿನ್ನು ಮಾರಿ, ಪುಸ್ತಕಗಳನ್ನು ಟೋನರಿನ ಖಾಲಿ ಡಬ್ಬಿಗಳಲ್ಲಿ ತುಂಬುವಾಗ ಹಾಕಿಂಗರ ಪುಸ್ತಕದಿಂದ ಮಡಿಸಿದ ಗ್ರಾಫ್ ಹಾಳೆಯೊಂದು ಬಿತ್ತು. ಕಂಟ್ರೋಲರ್ ಕಾಕಾ ಬಿಟ್ಟುಹೋದದ್ದು. ಪುಸ್ತಕ ವಾಪಸ್ಸು ಕೊಟ್ಟ ಏಳೆಂಟು ತಿಂಗಳ ಮೇಲೆ ಅವರು ಮತ್ತೆ ಬಂದಿದ್ದರು. ಮಳೆ ಬರುತ್ತಿತ್ತು, ಕರೆಂಟಿರಲಿಲ್ಲ, ಅಂಗಡಿಯಲ್ಲಿ ನಾನೊಬ್ಬನೇ. ಹಾಳೆ ಬಿಚ್ಚಿ ಕೌಂಟರಿನ ಮೇಲೆ ಹಾಸಿದರು.

ಅಡ್ಡಕ್ಕೆ ಗಂಟೆಗಳು. ಉದ್ದಕ್ಕೆ ಸ್ಟೇಷನ್ನುಗಳು, ಕೆಳಗೆ ಹುಬ್ಬಳ್ಳಿ, ಮೇಲೆ ಅಣ್ಣಿಗೇರಿ, ಹುಲಕೋಟಿ, ತುದಿಯಲ್ಲಿ ಗದಗ. ಒಂದೊಂದು ಗಾಡಿಗೂ ಒಂದೊಂದು ಓರೆ ಗೆರೆ. ಕಂಟ್ರೋಲ್ ಆಫೀಸಿನಲ್ಲಿ ಅವರು ದಿನವೂ ಎಳೆಯುತ್ತಿದ್ದದ್ದು ಇದೇ ಚಾರ್ಟು. ಯಾವ ಗಾಡಿ ಎಲ್ಲಿ ಯಾವುದಕ್ಕೆ ಕ್ರಾಸಿಂಗ್ ಕೊಡಬೇಕು ಎಂಬುದು ಗೆರೆಗಳು ಕೂಡುವಲ್ಲಿ ಗೊತ್ತಾಗುತ್ತದೆ.

"ಗಾಡಿ ಅಣ್ಣಿಗೇರ್ಯಾಗ ನಿಂತರೂ ಗೆರಿ ನಿಲ್ಲಂಗಿಲ್ಲ ತಮ್ಮಾ. ಅಡ್ಡಕ ಹೋಗತಿರತೈತಿ. ಯಾಕಂದ್ರ ಟೈಮು ಓಡತಿರತೈತಿ. ಜೋರು ಗಾಡಿ ಇದ್ದಷ್ಟು ಗೆರಿ ಕಡಿದಾಗಿ ಏರತೈತಿ." ಹುಬ್ಬಳ್ಳಿ ಹತ್ತು ಗಂಟೆ ಎಂಬಲ್ಲಿ ಬೆರಳಿಟ್ಟರು. ಅಲ್ಲಿಂದ ಪೆನ್ಸಿಲ್ಲಿನಲ್ಲಿ ಒಂದು ಗೆರೆ, ಉಳಿದೆಲ್ಲಕ್ಕಿಂತ ಕಡಿದು. "ಇದು ಎಲ್ಲಾರಕಿಂತ ಜೋರು ಗಾಡಿ. ಹತ್ತಕ್ಕ ಬಿಟ್ಟು ಹತ್ತೂ ಕಾಲಕ್ಕ ಗದಗ ಮುಟ್ಟತೀನಂದ್ರ ಯಾವ ಡ್ರೈವರಪ್ಪನ ಕೈಲೂ ಆಗಂಗಿಲ್ಲ. ಈ ಗೆರಿ ಬಲಕ್ಕ ಇದ್ದದ್ದೆಲ್ಲ ಆಗೂದು, ಎಡಕ್ಕ ಇದ್ದದ್ದು ಆಗದ್ದು. ಆಗೂದರ ಜಾಗ, ಅದ ನಿಮ್ಮ ಶಂಕು. ಎಲ್ಲಾರಕಿಂತ ಜೋರು ಗಾಡಿ ಅಂದ್ರ ಬೆಳಕು. ಸೂರ್ಯ ಆರಿದ ಸುದ್ದಿ ಎಂಟು ನಿಮಿಷ ಲೇಟಾಗಿ ಬರತೈತಿ ಅಂತ ಬರದಾನಲ್ಲ, ಅಷ್ಟ." ಆಮೇಲೆ ಗದಗ ಹನ್ನೆರಡು ಗಂಟೆಯ ಮೇಲೆ ಬೆರಳಿಟ್ಟು, ಹಿಂದಕ್ಕೆ ಒಂದು ಗೆರೆ: ಹನ್ನೆರಡಕ್ಕೆ ಇಲ್ಲಿ ಮುಟ್ಟಬೇಕಾದರೆ ಯಾವ ಗಾಡಿ ಯಾವ ಸ್ಟೇಷನ್ನನ್ನು ಎಷ್ಟರೊಳಗೆ ಬಿಟ್ಟಿರಬೇಕು. ಡಮರುವಿನ ಇನ್ನೊಂದು ಅರ್ಧ.

ಹಾಳೆಯನ್ನು ನನ್ನ ಕಡೆಗೆ ಅಡ್ಡ ತಿರುಗಿಸಿ, "ಅವರು ಕಾಗದ ಹಿಂಗ ಹಿಡದಾರ, ಟೈಮು ಮ್ಯಾಲೆ ಹೋಗತೈತಿ ಅವರದು. ಅದಕ್ಕ ನನಗ ಗುರುತು ಹತ್ತಿರಲಿಲ್ಲ" ಅಂದರು. ಮೂವತ್ತು ವರ್ಷ ತಮ್ಮ ಟೇಬಲ್ಲಿನ ಮೇಲೇ ಇದ್ದ ಚಿತ್ರ. ಪಟ್ಟಿಯಲ್ಲಿ ಹಾಕಿಂಗರ ಮುಂದೆ, ಸೀದಾ ಆರಕ್ಕೆ ಹೋಗಿ ಎಂಬುದನ್ನು ಹೊಡೆದು, 'ಕಂಟ್ರೋಲ್ ಚಾರ್ಟು ಕೇಳಿ ಪಡೆಯಿರಿ' ಎಂದು ಬರೆದೆ. ಕೇಳಿ ಪಡೆದವರು ಮೂವರೋ ನಾಲ್ವರೋ. ಅವರಿಗೆಲ್ಲ ಕೈಯಲ್ಲೇ ಬರೆದು ತೋರಿಸಿದ್ದೆ. ಮೂಲ ಹಾಳೆಯ ಒಂದು ಪ್ರತಿ ತೆಗೆದಿಡಬೇಕೆಂದು, ಇಪ್ಪತ್ತೆಂಟು ವರ್ಷ ಜೆರಾಕ್ಸ್ ಮಷಿನ್ನಿನ ಪಕ್ಕದಲ್ಲೇ ಕೂತ ನನಗೆ, ಹೊಳೆದಿರಲೇ ಇಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಒಯ್ದೆ. ಹುಡುಗ ಮಷಿನ್ನಿನಿಂದ ಪ್ರತಿ ತೆಗೆದುಕೊಟ್ಟ. ಗಂಟೆಗಳೂ ಸ್ಟೇಷನ್ನುಗಳೂ ಬಂದಿದ್ದವು, ಅವು ಬಾಲ್‌ಪೆನ್ನಿನಲ್ಲಿದ್ದವು. ಪೆನ್ಸಿಲ್ಲಿನ ಗೆರೆಗಳು ಬಂದಿರಲಿಲ್ಲ.

"ಡಾರ್ಕ್ ಮಾಡಿ ಇನ್ನೊಂದು ತಗಿಯಪಾ" ಅಂದೆ.